ವಕೀಲರಿಗೂ ಪಾಠ ಬೇಕು... ಸರ್ಟಿಫಿಕೇಟಿಗಾಗಿ ಅಲ್ಲ

ಸೆಕ್ಷನ್ 144 ಅಂದ್ರೆ ಏನು ಅಂತ ಯಾರನ್ನ ಕೇಳಿದ್ರೂ ಹೇಳ್ತಾರೆ. ನಿಷೇಧಾಜ್ಞೆ, ಗುಂಪು ಸೇರೋ ಹಾಗಿಲ್ಲ. ಪಾನ್ ಅಂಗಡಿಯವನಿಗೂ ಗೊತ್ತಿರೋ ಮಾತು. ಆದ್ರೆ 2024ರ ಜುಲೈ 1ರಿಂದ ಈ ಉತ್ತರ ತಪ್ಪು. ಅವತ್ತು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144 ಅಂದ್ರೆ ಹೆಂಡತಿ, ಮಕ್ಕಳು, ತಂದೆ-ತಾಯಿಗೆ ಜೀವನಾಂಶ ಕೊಡಿಸೋ ಕಲಂ. ನಿಷೇಧಾಜ್ಞೆ 163ಕ್ಕೆ ಹೋಗಿದೆ. 482 ಅಂದ್ರೆ ಹೈಕೋರ್ಟಿನಲ್ಲಿ ಕೇಸು ರದ್ದು ಮಾಡಿಸೋದು ಅಂತಿತ್ತು, ಈಗ ಅದು ನಿರೀಕ್ಷಣಾ ಜಾಮೀನು. ರದ್ದತಿ 528ಕ್ಕೆ ಹೋಯ್ತು. ಸಿನಿಮಾದವರೂ ಬಳಸ್ತಿದ್ದ 302, ಕೊಲೆ, ಈಗ 103. ಹೊಸ ನ್ಯಾಯ ಸಂಹಿತೆಯ 302 ಧಾರ್ಮಿಕ ಭಾವನೆಗೆ ನೋವಾಗೋ ಹಾಗೆ ಮಾತಾಡಿದ್ದಕ್ಕೆ. 420 ಅನ್ನೋ ಕಲಂ ಅಂತೂ ಇಲ್ಲವೇ ಇಲ್ಲ, ಪುಸ್ತಕವೇ 358ಕ್ಕೆ ಮುಗಿದುಹೋಗತ್ತೆ!

ನಗು ಬರತ್ತೆ, ನಿಜ. ಆದ್ರೆ ಇದು ಬರೀ ನಂಬರು ಬದಲಾದ ಕಥೆ ಅಲ್ಲ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು ಎಫ್‌ಐಆರ್ ಹಾಕೋ ಮೊದಲು ಮೇಲಧಿಕಾರಿಯ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು ಅಂತ ಬಂದಿದೆ. ಮೊಬೈಲಿನ ಆಡಿಯೋ, ಅಂಗಡಿಯ ಸಿಸಿಟಿವಿ ಸಾಕ್ಷ್ಯವಾಗಿ ಕೊಡಬೇಕಂದ್ರೆ ಎರಡು ಭಾಗದ ಪ್ರಮಾಣಪತ್ರ ಬೇಕು, ಒಂದು ಆ ಯಂತ್ರ ಯಾರ ಕೈಲಿತ್ತೋ ಅವರದು, ಇನ್ನೊಂದು ತಜ್ಞರದು. ಅಪರಾಧ ಜುಲೈ 1ಕ್ಕೆ ಮೊದಲು ನಡೆದಿದ್ರೆ ಶಿಕ್ಷೆಗೆ ಹಳೇ ಐಪಿಸಿಯೇ. ಅಂದ್ರೆ ಇನ್ನೂ ಎಷ್ಟೋ ವರ್ಷ ನಮ್ಮ ಕರಿಕೋಟಿನವರು ಎರಡೂ ಪುಸ್ತಕ ಹೊತ್ತು ತಿರುಗಬೇಕು.

ಇದನ್ನೆಲ್ಲ ಜಡ್ಜ್‌ಗಳಿಗೆ ಜುಡಿಷಿಯಲ್ ಅಕಾಡೆಮಿಯಲ್ಲಿ ಹೇಳಿಕೊಟ್ರು. ಪೊಲೀಸರಿಗೆ ತರಬೇತಿ ಆಯ್ತು. ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲರಿಗೂ ತರಬೇತಿಯ ವ್ಯವಸ್ಥೆ ಉಂಟು. ಫೀಸು ತೊಗೊಂಡು ವಕಾಲತ್ತು ಹಾಕೋ ಸಾಮಾನ್ಯ ವಕೀಲನಿಗೆ ಯಾರು ಹೇಳಿಕೊಟ್ರು? ಯಾರೂ ಇಲ್ಲ. ಅವನಾಗಿ ಓದಿದ್ರೆ ಓದಿದ, ಇಲ್ಲಾಂದ್ರೆ ಇಲ್ಲ. ಓದದಿದ್ರೂ ಸನ್ನದು ಹೋಗಲ್ಲ.

ನಾನು ಹುಲಸೂರಿನವನು. ಬಸವಕಲ್ಯಾಣದ ಕೋರ್ಟಿಗೆ ಹೋಗ್ತೀನಿ, ಕೆಲವೊಮ್ಮೆ ಹುಮನಾಬಾದಿಗೂ. ನಮ್ಮ ಕೆಲಸಕ್ಕೆ ಬೇಕಾದ ಮುಂದುವರಿದ ಓದು, ಅಂದ್ರೆ ಈಗ ಮೊಬೈಲಿನಲ್ಲೇ ಬರೋ ವೆಬಿನಾರ್‌ಗಳು, ಇವುಗಳ ಬಗ್ಗೆ ಬಹಳ ದಿನದಿಂದ ಬರೀಬೇಕು ಅಂತಿದ್ದೆ. ವಕೀಲರಲ್ಲದವರೂ ಓದಿ. ಯಾಕಂದ್ರೆ ಇದರ ನಷ್ಟ ಕೊನೆಗೆ ನಿಮಗೇ.

ಒಂದು ಎಕರೆ, ಮೂರು ಎಕರೆ

ವಿವರ ಸ್ವಲ್ಪ ಬದಲಿಸಿ ಒಂದು ಕೇಸು ಹೇಳ್ತೀನಿ. ಒಬ್ಬ ಹೆಣ್ಣುಮಗಳು, ವಯಸ್ಸು ಐವತ್ತರ ಮೇಲೆ. ತವರಿನಲ್ಲಿ ಒಂಬತ್ತು ಎಕರೆ ಪಿತ್ರಾರ್ಜಿತ ಹೊಲ. ಇಬ್ಬರು ಅಣ್ಣಂದಿರು. ತಾಯಿ ಮೊದಲೇ ಹೋಗಿದ್ರು, ತಂದೆ ತೀರಿದ್ದು 1998ರಲ್ಲಿ. ಹೊಲ ಇನ್ನೂ ವಾಟ್ನಿ ಆಗಿರಲಿಲ್ಲ. ಈಕೆ ದಾವೆ ಹಾಕಿದ್ರು. 2021ರಲ್ಲಿ ಲೋಕ ಅದಾಲತ್‌ನಲ್ಲಿ ರಾಜಿ ಆಯ್ತು. ಆಕೆಯ ಪಾಲಿಗೆ ಒಂದು ಎಕರೆ. "ಕಾನೂನಿನ ಪ್ರಕಾರ ನಿಂಗ ಬರೋದೇ ಇಷ್ಟವ್ವ" ಅಂತ ಆಕೆಯ ವಕೀಲರು ಹೇಳಿದ್ರಂತೆ. ಸಹಿ ಹಾಕಿ ಬಂದ್ರು. ಮುಂದಿನ ವರ್ಷ ಯಾರೋ ಹೇಳಿದ್ರು ಅಂತ ಕಾಗದ ಹಿಡಕೊಂಡು ನನ್ನ ಹತ್ತಿರ ಬಂದಿದ್ರು.

ಆ ವಕೀಲರು ಮೋಸಗಾರರಲ್ಲ. ಅಣ್ಣಂದಿರ ಕಡೆಯಿಂದ ದುಡ್ಡು ತಿಂದವರೂ ಅಲ್ಲ. ಅವರು ಹೇಳಿದ್ದು ಒಂದು ಕಾಲಕ್ಕೆ ಪೂರಾ ಸರಿಯಾದ ಕಾನೂನೇ. 1994ರಲ್ಲಿ ಕರ್ನಾಟಕದ ತಿದ್ದುಪಡಿ ಬಂದು ಹೆಣ್ಣುಮಕ್ಕಳಿಗೆ ಸಮಪಾಲು ಸಿಕ್ಕಿತು, ಆದ್ರೆ ಆಗ ಮದುವೆಯಾಗದೇ ಇದ್ದವರಿಗೆ ಮಾತ್ರ. ಈಕೆಗೆ ಅಷ್ಟೊತ್ತಿಗೆ ಮದುವೆ ಆಗಿತ್ತು. 2005ರ ಸೆಪ್ಟೆಂಬರ್ 9ಕ್ಕೆ ಕೇಂದ್ರದ ತಿದ್ದುಪಡಿ ಬಂತು, ಮದುವೆಯಾಗಿದ್ರೂ ಆಗದಿದ್ರೂ ಮಗಳು ಮಗನ ಸಮ. ಆದ್ರೆ 2015ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಕರ್ನಾಟಕದಿಂದಲೇ ಹೋದ ಪ್ರಕಾಶ್ ವಿರುದ್ಧ ಫೂಲವತಿ ಕೇಸಿನಲ್ಲಿ, ಆ ದಿನಕ್ಕೆ ತಂದೆ ಬದುಕಿರಬೇಕು ಅಂತು. ತಂದೆ 1998ರಲ್ಲೇ ಹೋಗಿದ್ರೆ ಹಳೇ ಲೆಕ್ಕ. ತಂದೆ ಮತ್ತು ಇಬ್ಬರು ಗಂಡುಮಕ್ಕಳು, ಮೂವರಿಗೂ ಮೂರು ಮೂರು ಎಕರೆ. ತಂದೆಯ ಮೂರು ಎಕರೆಯಲ್ಲಿ ಮೂರು ಮಕ್ಕಳಿಗೂ ಒಂದೊಂದು. ಮಗಳಿಗೆ ಒಟ್ಟು ಒಂದು ಎಕರೆ. ಲೆಕ್ಕ ಸರಿ.

2018ರ ಫೆಬ್ರವರಿಯಲ್ಲಿ ದಾನಮ್ಮ ಕೇಸು ಬಂತು, ಅದೂ ಕರ್ನಾಟಕದ್ದೇ. ಅಲ್ಲಿ ತಂದೆ ಮೊದಲೇ ತೀರಿದ್ರೂ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು. ಎರಡು ತೀರ್ಪು ಎರಡು ದಿಕ್ಕಿಗೆ. ಕೊನೆಗೆ 2020ರ ಆಗಸ್ಟ್ 11ಕ್ಕೆ ವಿನೀತಾ ಶರ್ಮಾ ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ಮುಗಿಸಿತು. ಹಕ್ಕು ಹುಟ್ಟಿನಿಂದಲೇ ಬರೋದು, 2005ಕ್ಕೆ ತಂದೆ ಬದುಕಿರಲೇಬೇಕು ಅಂತಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ಸರಿಯಾಗಿ ಪಾಲಾಗಿದ್ರೆ ಮಾತ್ರ ಅದನ್ನ ಮುಟ್ಟೋ ಹಾಗಿಲ್ಲ. ಆ ಲೆಕ್ಕದಲ್ಲಿ ಈಕೆಗೆ ಬರಬೇಕಾಗಿದ್ದು ಅಣ್ಣಂದಿರ ಸಮ, ಮೂರು ಎಕರೆ.

ವಕೀಲರ ಓದು 2015ಕ್ಕೆ ನಿಂತಿತ್ತು, ಅಷ್ಟೇ. ಆಕೆಗೆ ಎರಡು ಎಕರೆ ಹೋಯ್ತು. ಲೋಕ ಅದಾಲತ್ ರಾಜಿಗೆ ಅಪೀಲು ಇಲ್ಲ. ರಿಟ್ ಹಾಕಬಹುದು, ಮೋಸ ಆಗಿದೆ ಅಂತ ತೋರಿಸಬೇಕು. ಇಲ್ಲಿ ಮೋಸ ಎಲ್ಲಿದೆ? "ನನ್ನ ಸಹಿ ನಾನೇ ಹಾಕೀನಿ, ಇನ್ನೇನ್ ಮಾಡ್ಲಿ ಸಾಬ್ರೇ" ಅಂತ ಕಾಗದ ಮಡಚಿ ಸೀರೆ ಸೆರಗಿನಲ್ಲಿ ಇಟ್ಕೊಂಡು ಹೋದ್ರು.

ಗ್ರಾಹಕರ ಕೋರ್ಟಿಗೆ ಹೋಗಬಹುದಲ್ಲ ಅಂತ ಕೆಲವರು ಕೇಳ್ತಾರೆ. ಆಗಲ್ಲ. 2024ರ ಮೇ 14ರಂದು ಸುಪ್ರೀಂ ಕೋರ್ಟು, ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ಬರಲ್ಲ ಅಂತ ಹೇಳಿಬಿಟ್ಟಿದೆ. ವಕೀಲರ ಸಂಘಗಳು ಖುಷಿಪಟ್ಟವು. ನಾನೂ ಆ ತೀರ್ಪು ಸರಿ ಅಂತಲೇ ಹೇಳೋವನು, ವಕೀಲಿ ಕಿರಾಣಿ ವ್ಯಾಪಾರ ಅಲ್ಲ. ಆದ್ರೆ ಹೊರಗಿನ ಬಾಗಿಲು ಹಾಕಿಸಿಕೊಂಡ ಮೇಲೆ ಒಳಗಿನ ಮನೆ ನಾವೇ ಸ್ವಚ್ಛ ಇಟ್ಕೋಬೇಕಲ್ಲ?

ಒಂದೇ ಸಲ ಪರೀಕ್ಷೆ, ಆಮೇಲೆ ಕೇಳೋರಿಲ್ಲ

1961ರ ವಕೀಲರ ಕಾಯ್ದೆಯಲ್ಲಿ ಮುಂದುವರಿದ ಓದು ಕಡ್ಡಾಯ ಅನ್ನೋ ಮಾತಿಲ್ಲ. ಇರೋದು ಒಂದು ಅಖಿಲ ಭಾರತ ಬಾರ್ ಪರೀಕ್ಷೆ. ಅದೂ 2009-10ರ ನಂತರ ಕಾನೂನು ಪದವಿ ಮುಗಿಸಿದವರಿಗೆ. ಜೀವಮಾನದಲ್ಲಿ ಒಂದು ಸಲ ಪಾಸಾದ್ರೆ ಆಯ್ತು. 2023ರ ಫೆಬ್ರವರಿಯಲ್ಲಿ ಸಂವಿಧಾನ ಪೀಠವೇ ಈ ಪರೀಕ್ಷೆ ನಡೆಸೋ ಅಧಿಕಾರ ಬಾರ್ ಕೌನ್ಸಿಲಿಗೆ ಇದೆ ಅಂತ ಎತ್ತಿಹಿಡೀತು. ಒಳ್ಳೇದೇ. ಆದ್ರೆ ಬಾಗಿಲಲ್ಲಿ ಒಂದು ಸಲ ಟಿಕೆಟ್ ನೋಡಿ ಮುಂದಿನ ನಲವತ್ತು ವರ್ಷ ಯಾರೂ ಏನೂ ಕೇಳದೇ ಇರೋದು ಯಾವ ನ್ಯಾಯ? ಡಾಕ್ಟರುಗಳಿಗೆ ಕ್ರೆಡಿಟ್ ಗಂಟೆ ಇದೆ. ಚಾರ್ಟರ್ಡ್ ಅಕೌಂಟೆಂಟ್‌ಗಳಿಗೆ ವರ್ಷವರ್ಷ ಓದಿನ ಲೆಕ್ಕ ಕೊಡೋದಿದೆ.

ಅಮೆರಿಕದಲ್ಲಿ ಮಿನ್ನೆಸೋಟ, ಅಯೋವಾ ರಾಜ್ಯಗಳು 1975ರಲ್ಲೇ ಇದನ್ನ ಕಡ್ಡಾಯ ಮಾಡಿದ್ವು. ಕ್ಯಾಲಿಫೋರ್ನಿಯಾದ ವಕೀಲ ಮೂರು ವರ್ಷಕ್ಕೆ 25 ಗಂಟೆ ಪಾಠ ಕೇಳಿದ ಲೆಕ್ಕ ತೋರಿಸಬೇಕು. ಅಲ್ಲಿ ಈ ವೆಬಿನಾರ್ ಅನ್ನೋದೇ ದೊಡ್ಡ ವ್ಯಾಪಾರ. ಇನ್ನೊಂದು ಕಡೆ ಇಂಗ್ಲೆಂಡ್ ನೋಡಿ. ಅಲ್ಲಿ ಸಾಲಿಸಿಟರ್‌ಗಳಿಗೆ ವರ್ಷಕ್ಕೆ 16 ಗಂಟೆ ಅಂತಿತ್ತು. 2016ರ ನವೆಂಬರಿನಲ್ಲಿ ಆ ಗಂಟೆ ಲೆಕ್ಕವನ್ನೇ ತೆಗೆದುಹಾಕಿದ್ರು. ನಿನ್ನ ಕೆಲಸಕ್ಕೆ ಏನು ಬೇಕೋ ನೀನೇ ಯೋಚಿಸಿ ಕಲಿ, ಕಲಿತಿದ್ದೀಯ ಅಂತ ಪ್ರತಿವರ್ಷ ಘೋಷಿಸು ಅಂದ್ರು.

ನಾವು ಇವೆರಡರ ನಡುವೆ ಏನಾದ್ರೂ ಕಲಿಯೋದಿದೆ ಅಂತ ನನಗನ್ನಿಸತ್ತೆ. ಗಂಟೆ ಎಣಿಸಿದ ಮಾತ್ರಕ್ಕೆ ಬುದ್ಧಿ ಬರಲ್ಲ. ಏನೂ ಎಣಿಸದೇ ಬಿಟ್ರೆ ಮೇಲೆ ಹೇಳಿದ ಒಂದು ಎಕರೆ ಕಥೆ.

ಲಾಕ್‌ಡೌನ್ ಕೊಟ್ಟ ವರ

ವೆಬಿನಾರ್ ಅನ್ನೋ ಪದ ನಮ್ಮ ಕಡೆ ಬಂದದ್ದೇ 2020ರ ಲಾಕ್‌ಡೌನಿನಲ್ಲಿ. ಕೋರ್ಟು ಬಂದ್, ತಾರೀಖು ಇಲ್ಲ, ಕೈಲಿ ಕಾಸಿಲ್ಲ. ಆಗ ಶುರುವಾಯ್ತು ನೋಡಿ, ದಿನಕ್ಕೊಂದು ವೆಬಿನಾರು. ನಿವೃತ್ತ ನ್ಯಾಯಮೂರ್ತಿಗಳು, ದಿಲ್ಲಿಯ ಹಿರಿಯ ವಕೀಲರು, ನ್ಯಾಷನಲ್ ಲಾ ಸ್ಕೂಲಿನ ಪ್ರೊಫೆಸರುಗಳು, ಎಲ್ಲ ಅಂಗೈಯೊಳಗೆ. ಇ-ಫೈಲಿಂಗ್ ಬಗ್ಗೆ ಸುಪ್ರೀಂ ಕೋರ್ಟಿನ ಇ-ಕಮಿಟಿಯೇ ವಕೀಲರಿಗೆ ತರಬೇತಿ ನಡೆಸಿತು. 2021ರಿಂದ ಕರ್ನಾಟಕ ಹೈಕೋರ್ಟಿನ ಕಲಾಪವೇ ಯೂಟ್ಯೂಬಿನಲ್ಲಿ ಕಾಣೋಕೆ ಶುರುವಾಯ್ತು. 2023ರ ಜನವರಿಯಿಂದ ಸುಪ್ರೀಂ ಕೋರ್ಟಿನ ತೀರ್ಪುಗಳು ಇ-ಎಸ್‌ಸಿಆರ್‌ನಲ್ಲಿ ಬಿಟ್ಟಿಯಾಗಿ ಸಿಗ್ತಿವೆ. ಅದಕ್ಕೂ ಮುಂಚೆ ಜರ್ನಲ್ಲುಗಳಿಗೆ ವರ್ಷಕ್ಕೆ ಸಾವಿರಾರು ರೂಪಾಯಿ ಕಟ್ಟಬೇಕಿತ್ತು. ಹೊಸದಾಗಿ ಬಂದ ಜೂನಿಯರ್ ಎಲ್ಲಿಂದ ತರಬೇಕು?

ಇದು ನಮ್ಮಂಥ ಊರಿಗೆ ಎಷ್ಟು ದೊಡ್ಡದು ಅಂತ ಬೆಂಗಳೂರಿನವರಿಗೆ ಅರ್ಥ ಆಗೋದು ಕಷ್ಟ. ಬೆಂಗಳೂರಿನಲ್ಲೊಂದು ಕಾರ್ಯಾಗಾರ ಅಂದ್ರೆ ನಮಗೆ ಸುಮಾರು 700 ಕಿ.ಮೀ., ಹೋಗೋಕೊಂದು ರಾತ್ರಿ, ಬರೋಕೊಂದು ರಾತ್ರಿ, ಎರಡು ದಿನದ ಕೇಸು ಬಿಡಬೇಕು. 2008ರ ಜುಲೈಯಲ್ಲಿ ಕಲಬುರಗಿಗೆ ಹೈಕೋರ್ಟಿನ ಸಂಚಾರಿ ಪೀಠ ಬರೋವರೆಗೂ ಒಂದು ಅಪೀಲಿಗೂ ಬೆಂಗಳೂರೇ ಗತಿಯಾಗಿತ್ತು. ಅದು ಕಾಯಂ ಪೀಠ ಆಗಿದ್ದು 2013ರಲ್ಲಿ. ಅಷ್ಟು ಹೋರಾಟ ಮಾಡಿ ಕೋರ್ಟನ್ನ ಹತ್ತಿರ ತಂದುಕೊಂಡೆವು. ಈಗ ಓದು ತಾನಾಗೇ ಮನೆ ಬಾಗಿಲಿಗೆ ಬಂದಿದೆ. ಬಾಗಿಲು ತೆಗೆಯೋದು ಬೇಡವೇ?

ಆದ್ರೆ ಬಂದದ್ದೇನು?

ಇಲ್ಲೇ ನನ್ನ ತಕರಾರು. ಬಹಳಷ್ಟು ವೆಬಿನಾರು ಹೇಗಿರತ್ತೆ ಹೇಳಿ. ಪೋಸ್ಟರಿನಲ್ಲಿ ಆರು ಫೋಟೋ. ಸ್ವಾಗತ, ಪರಿಚಯ, ಮಾನ್ಯರು, ಸನ್ಮಾನ್ಯರು, ಇಪ್ಪತ್ತು ನಿಮಿಷ. ಆಮೇಲೆ ಬೇರ್ ಆ್ಯಕ್ಟನ್ನ ಪಿಪಿಟಿಗೆ ಅಂಟಿಸಿ ಓದೋದು. ಎಲ್ಲರದೂ ಮೈಕ್ ಬಂದ್, ಕ್ಯಾಮೆರಾ ಬಂದ್. ಒಬ್ಬರು ಮೊಬೈಲ್ ಜೇಬಲ್ಲಿಟ್ಟು ಬೈಕ್ ಓಡಿಸ್ತಿರ್ತಾರೆ, ಇನ್ನೊಬ್ಬರು ಸಂತೆಯಲ್ಲಿ. ಕೊನೆಗೆ ಫೀಡ್‌ಬ್ಯಾಕ್ ಫಾರ್ಮ್, ಅದು ತುಂಬಿದ್ರೆ ಇ-ಸರ್ಟಿಫಿಕೇಟ್. ಒಂದು ಕಡೆ ದುಡ್ಡು ಕಟ್ಟಿ ಸೇರಿದ್ದೆ. ಪಾಠ ಶುರುವಾಗೋ ಮೊದಲೇ ನನ್ನ ಸರ್ಟಿಫಿಕೇಟ್ ಈಮೇಲಿಗೆ ಬಂದು ಬಿದ್ದಿತ್ತು!

ಇನ್ನು ವಿಷಯ. ಆರ್ಬಿಟ್ರೇಷನ್, ಡೇಟಾ ಸಂರಕ್ಷಣೆ, ಕಂಪನಿಗಳ ವಿಲೀನ. ಬೇಡ ಅಂತಲ್ಲ. ಆದ್ರೆ ನಮ್ಮ ಫೈಲು ನೋಡಿ. ವಾಟ್ನಿ ದಾವೆ, ಬಾಂದಿನ ಜಗಳ, ಜಾಮೀನು, ಚೆಕ್ ಬೌನ್ಸು, ಜೀವನಾಂಶ. ಹುಮನಾಬಾದಿನ ಮೇಲೆ ಪುಣೆ-ಹೈದರಾಬಾದ್ ಹೆದ್ದಾರಿ ಹಾದುಹೋಗತ್ತೆ, ಅಪಘಾತದ ಪರಿಹಾರ ಕೇಸಿಗೆ ಕೊರತೆ ಇಲ್ಲ. ಆ ಕ್ಲೇಮು ಹಾಕೋಕೆ 2022ರ ಏಪ್ರಿಲ್ 1ರಿಂದ ಆರು ತಿಂಗಳ ಮಿತಿ ಬಂತು, ಅದರ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಯ್ತು. ಮನೆಯ ದುಡಿಯೋ ಮನುಷ್ಯ ಹೋದ ದುಃಖದಲ್ಲಿರೋ ಹೆಂಡತಿ ಆರು ತಿಂಗಳೊಳಗೆ ವಕೀಲರ ಹತ್ತಿರ ಬಂದ್ರೂ, ಆ ವಕೀಲರಿಗೆ ಮಿತಿಯ ವಿಷಯವೇ ಗೊತ್ತಿಲ್ಲದಿದ್ರೆ? ಇಂಥದ್ದು ಹೇಳಿಕೊಡಿ ಸ್ವಾಮಿ.

ಭಾಷೆಯ ಮಾತಂತೂ ಹೇಳೋದೇ ಬೇಡ. ನಮ್ಮಲ್ಲಿ ಸಾಕ್ಷಿ ಹೇಳೋದು ಕನ್ನಡದಲ್ಲಿ, ಅರ್ಧ ಊರಿನವರು ಮಾತಾಡೋದು ಮರಾಠಿ ಇಲ್ಲಾ ಉರ್ದು. ವೆಬಿನಾರು ಮಾತ್ರ ಶುದ್ಧ ಇಂಗ್ಲಿಷು. ನಮ್ಮ ವಕೀಲರಿಗೆ ಇಂಗ್ಲಿಷ್ ಅರ್ಥ ಆಗಲ್ಲ ಅಂತಲ್ಲ. ಕೇಳಿ ತಿಳೀತಾರೆ. ಆದ್ರೆ ಕೈ ಎತ್ತಿ ಪ್ರಶ್ನೆ ಕೇಳೋಕೆ ಹಿಂಜರೀತಾರೆ. ಪ್ರಶ್ನೆ ಕೇಳದ ಪಾಠ ರೇಡಿಯೋ ಇದ್ದಂತೆ, ಆಫ್ ಮಾಡಿದ ಕೂಡಲೇ ಮುಗೀತು. ಅನುಭವ ಮಂಟಪದ ಊರಿನವರಿಗೆ ಇದನ್ನ ಬಿಡಿಸಿ ಹೇಳಬೇಕೇ? ಅಲ್ಲಿ ಒಬ್ಬರು ಹೇಳಿ ಉಳಿದವರು ಮೈಕ್ ಬಂದ್ ಮಾಡ್ಕೊಂಡು ಕೂತಿರಲಿಲ್ಲ.

ಇನ್ನೊಂದು ಮಾತು. ನಮ್ಮ ಭಾಗ ನಿಜಾಮರ ರಾಜ್ಯದಲ್ಲಿತ್ತು. ಹಳೇ ಕಂದಾಯ ದಾಖಲೆ ಉರ್ದುವಿನಲ್ಲಿ. 1950ರ ಹೈದರಾಬಾದ್ ಗೇಣಿದಾರಿ ಕಾಯ್ದೆ, ಅದರ 'ರಕ್ಷಿತ ಗೇಣಿದಾರ' ಅನ್ನೋ ಹಕ್ಕು, ಇವು ಇಂದಿಗೂ ಯಾವುದೋ ಹಳೇ ಕಾಗದದಿಂದ ಎದ್ದು ಬರ್ತವೆ. ಇದನ್ನ ದಿಲ್ಲಿಯ ಯಾವ ವೆಬಿನಾರೂ ಕಲಿಸಲ್ಲ. ಗೊತ್ತಿರೋದು ನಮ್ಮ ಬಾರಿನ ನಾಲ್ಕಾರು ಹಿರಿಯರಿಗೆ. ಅವರಿಗೆ ಎಂಬತ್ತರ ವಯಸ್ಸು. ಅವರು ಹೋದ್ರೆ ಆ ವಿದ್ಯೆಯೂ ಹೋಯ್ತು.

ಹಾಗಾದ್ರೆ ಏನು ಮಾಡೋಣ?

ಕಡ್ಡಾಯ ಬೇಕು ಅನ್ನೋದು ನನ್ನ ಅಭಿಪ್ರಾಯ. ಆದ್ರೆ ಸನ್ನದು ಕಿತ್ಕೊಳ್ಳೋ ಬೆದರಿಕೆಯ ಕಡ್ಡಾಯ ಬೇಡ. ಅದು ಕೈಗೆ ಸಿಕ್ಕರೆ ಯಾರು ಯಾರ ಮೇಲೆ ಬಳಸ್ತಾರೋ ಹೇಳೋಕಾಗಲ್ಲ. ಬಡ ಜೂನಿಯರುಗಳಿಗೆ ಮೊದಲ ಏಟು ಬೀಳತ್ತೆ.

ನಾನು ಹೇಳೋದು ಸರಳ. ತಾಲೂಕು ವಕೀಲರ ಸಂಘದಲ್ಲಿ ತಿಂಗಳಿಗೆರಡು ಸಲ, ಕೋರ್ಟು ಮುಗಿದ ಮೇಲೆ, ಒಂದು ಗಂಟೆ. ಸಂಘದ ಹಾಲಿನಲ್ಲಿ ಒಂದು ಟಿವಿ ಸಾಕು. ಒಬ್ಬೊಬ್ಬರೇ ಮೊಬೈಲ್ ನೋಡೋದಲ್ಲ, ಕೂಡಿ ಕೂತು ನೋಡೋದು. ಅರ್ಧ ಗಂಟೆ ಪಾಠ, ಅರ್ಧ ಗಂಟೆ ನಮ್ಮದೇ ಫೈಲಿನ ಪ್ರಶ್ನೆ, ಕನ್ನಡದಲ್ಲಿ. ರಾಜ್ಯ ಬಾರ್ ಕೌನ್ಸಿಲ್ ಮನಸ್ಸು ಮಾಡಿದ್ರೆ ಕನ್ನಡದಲ್ಲಿ ಇಂಥ ಪಾಠಗಳನ್ನ ಮಾಡಿಸಿ ಎಲ್ಲ ತಾಲೂಕಿಗೂ ಬಿಟ್ಟಿ ಕಳಿಸೋದು ದೊಡ್ಡ ಕೆಲಸ ಅಲ್ಲ. ವಕಾಲತ್ತಿಗೆ ವೆಲ್ಫೇರ್ ಸ್ಟ್ಯಾಂಪು ಹಚ್ಚಿ ನಮ್ಮ ಕಷ್ಟಕಾಲಕ್ಕೆ ನಿಧಿ ಮಾಡ್ಕೊಂಡವರು ನಾವು. ಓದಿಗೂ ಅಂಥದ್ದೊಂದು ಮಾಡ್ಕೋಬಹುದು.

ಯಾರು ವರ್ಷಕ್ಕೆ ಎಷ್ಟು ಪಾಠಕ್ಕೆ ಕೂತಿದ್ರು ಅಂತ ಸಂಘದ ನೋಟಿಸ್ ಬೋರ್ಡಿಗೆ ಹಚ್ಚಲಿ. ದಂಡ ಬೇಡ, ಆ ಪಟ್ಟಿಯೇ ಸಾಕು. ಮತ್ತೆ ಆ ಹಿರಿಯರನ್ನ ಕೂರಿಸಿ, ಒಬ್ಬೊಬ್ಬರದೂ ಒಂದೊಂದು ಗಂಟೆ ರೆಕಾರ್ಡ್ ಮಾಡಿ. ಉರ್ದು ಪಹಣಿ ಓದೋದು ಹೇಗೆ, ರಕ್ಷಿತ ಗೇಣಿದಾರನ ಸರ್ಟಿಫಿಕೇಟು ಯಾಕೆ ಮುಖ್ಯ, ಅವರೇ ಹೇಳಲಿ. ದಿಲ್ಲಿಯಿಂದ ನಮಗೆ ಬಂದದ್ದು ಸಾಕು, ಇಲ್ಲಿಂದಲೂ ಒಂದಿಷ್ಟು ಹೊರಡಲಿ.

"ಮೂವತ್ತು ವರ್ಷದ ಅನುಭವ ಐತ್ರಿ, ನಮಗೇನ್ ಕಲಸ್ತೀರಿ" ಅನ್ನೋ ಹಿರಿಯರೂ ಇದ್ದಾರೆ. ಅವರ ಅನುಭವಕ್ಕೆ ಕೈ ಮುಗೀತೀನಿ. ಪಾಟೀಸವಾಲು ಹೇಗೆ ಮಾಡಬೇಕು, ಯಾವ ಸಾಕ್ಷಿ ಎಲ್ಲಿ ಜಾರ್ತಾನೆ, ಇದು ಯಾವ ವೆಬಿನಾರಿನಲ್ಲೂ ಬರಲ್ಲ. ಆದ್ರೆ 2020ರ ಆಗಸ್ಟ್ 11ಕ್ಕೆ ಸುಪ್ರೀಂ ಕೋರ್ಟು ಏನು ಹೇಳಿತು ಅನ್ನೋದು ಅನುಭವದಿಂದ ಗೊತ್ತಾಗಲ್ಲ. ಓದಬೇಕು, ಇಲ್ಲಾ ಯಾರಾದ್ರೂ ಹೇಳಬೇಕು.

ನನಗೆ ಬಹಳ ಸಲ ನೆನಪಾಗೋದು ವಿಜ್ಞಾನೇಶ್ವರ. ಇಡೀ ದೇಶದ ಹಿಂದೂ ಕುಟುಂಬಗಳ ಆಸ್ತಿ ಲೆಕ್ಕ, ಬಂಗಾಳದ ಕಡೆ ಬಿಟ್ಟರೆ, ಶತಮಾನಗಳ ಕಾಲ ನಡೆದದ್ದು ಅವನ ಮಿತಾಕ್ಷರದ ಮೇಲೆ. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಅವನು ಅದನ್ನ ಬರೆದದ್ದು ಇದೇ ಕಲ್ಯಾಣದಲ್ಲಿ, ಇವತ್ತಿನ ಬಸವಕಲ್ಯಾಣ. ಅದು ಹೊಸ ಶಾಸ್ತ್ರವೇನಲ್ಲ, ಹಳೇ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಹಳೇ ಪುಸ್ತಕ ತನ್ನ ಕಾಲಕ್ಕೆ ಏನು ಹೇಳತ್ತೆ ಅಂತ ಮತ್ತೆ ಕೂತು ಓದಿದ. ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಅನ್ನೋ ಮಾತು ಗಟ್ಟಿಯಾದದ್ದು ಅಲ್ಲಿಂದ. ಅದೇ ಮಾತು ಹೆಣ್ಣುಮಕ್ಕಳಿಗೂ ಪೂರ್ತಿಯಾಗಿ ತಲುಪೋಕೆ ಒಂಬೈನೂರು ವರ್ಷ ಬೇಕಾಯ್ತು. ತಲುಪಿದ ಮೇಲೂ, ಆ ಊರಿನ ಸುತ್ತಮುತ್ತಲಿನ ಒಬ್ಬ ಹೆಣ್ಣುಮಗಳಿಗೆ ಅದು ಗೊತ್ತಾಗದೇ ಹೋಯ್ತು ಅಂದ್ರೆ ನಾಚಿಕೆ ಆಗಬೇಕಾದ್ದು ನಮಗೆ, ಕರಿಕೋಟಿನವರಿಗೆ.

ಕೊನೆಗೆ ಕಕ್ಷಿದಾರರಿಗೆ ಒಂದು ಮಾತು. ವಕೀಲರ ಹತ್ತಿರ ಹೋದಾಗ ಫೀಸು ಎಷ್ಟು, ಎಷ್ಟು ತಾರೀಖಿಗೆ ಮುಗಿಯತ್ತೆ ಅಂತ ಕೇಳ್ತೀರಿ. ಜೊತೆಗೆ ಇನ್ನೊಂದು ಕೇಳಿ. "ಸಾಹೇಬ್ರೇ, ನನ್ನ ಈ ವಿಷಯದಾಗ ಇತ್ತೀಚಿಗೆ ಕಾನೂನು ಏನರ ಬದಲಾಗೇದೇನ್ರಿ?" ಬೇಜಾರು ಮಾಡ್ಕೊಳ್ಳೋರು ಮಾಡ್ಕೊಳ್ಳಲಿ. ಒಳ್ಳೇ ವಕೀಲರು ಒಂದು ನಿಮಿಷ ತಡೀರಿ ಅಂತ ಪುಸ್ತಕ ತೆಗೀತಾರೆ. ಸಹಿ ಹಾಕೋದು ಅದಾದ ಮೇಲೆ.

ನೀವೇನಂತೀರಿ? ವಕೀಲ ಮಿತ್ರರು ಬೈಯೋದಿದ್ರೂ ಬೈರಿ, ಆದ್ರೆ ಮುಂದಿನ ತಿಂಗಳು ಸಂಘದ ಹಾಲಿಗೆ ಬನ್ರಿ.